ಎಡಕ್ಕೆ ಇಳಿಜಾರು

ಪಟ್ಟಣದಿಂದ ಬಂದ ಹಲ್ಲಿನ ಡಾಕ್ಟರು
ಅಜ್ಜಿಯ ಬಾಯೊಳಗೆ ಟಾರ್ಚು ಬಿಟ್ಟು,
'ಏನು ತಿಂದಿರಿ ತಾಯಿ, ದವಡೆಹಲ್ಲೆಲ್ಲ
ಹೊಳೆದಂಡೆಯ ಹರಳಾಗಿವೆ' ಎಂದ.
'ಕಲ್ಲು' ಅಂದಳು ಎರ್ಮೆಲಿಂದಾ.
ಅವನು ನಕ್ಕ.
ನಮ್ಮ ಮನೆಯವರು ಯಾರೂ ನಗಲಿಲ್ಲ.

ಮೂರು ಕಾಲಿನ ಮೆತಾತೆ ಇನ್ನೂ ಒಲೆಯ ಪಕ್ಕದಲ್ಲಿದೆ,
ಹಾಲು ಕುಡಿಯಲು ಬಗ್ಗಿದ ಕರುವಿನ ಹಾಗೆ ಮುಂದಕ್ಕೆ ಬಾಗಿ.
ಅಜ್ಜಿಯ ಅತ್ತೆ ನತಿವಿದಾದಳ ಮದುವೆಗೆ
ಅವಳಪ್ಪ ವಾಹಾಕಾದ ಗುಡ್ಡದಿಂದ ಬೆನ್ನ ಮೇಲೆ ಹೊತ್ತು ಇಳಿಸಿದ್ದು.
ಮುಯ್ಯಿಯ ಪುಸ್ತಕದಲ್ಲಿ ಬರೆದಿದೆ,
ಎರಡು ಟರ್ಕಿ ಕೋಳಿ, ಆರು ಮೊಳ ಬಟ್ಟೆಯ ಕೆಳಗೆ:
ರುಬ್ಬುವ ಕಲ್ಲು ಒಂದು, ಇಪ್ಪತ್ತಮೂರು ಕಿಲೋ.

ಮೊನ್ನೆ ಮೆಕ್ಕೆಜೋಳ ಕೊಳ್ಳುವವನ ತೂಕದ ಯಂತ್ರ ಅಂಗಳಕ್ಕೆ ಬಂದಾಗ
ನಾನೂ ತಮ್ಮನೂ ಅದನ್ನು ಎತ್ತಿ ಇಟ್ಟೆವು.
ಮುಳ್ಳು ನಡುಗಿ ನಡುಗಿ
ಹತ್ತೊಂಬತ್ತಕ್ಕೆ ನಿಂತಿತು.

ನಾಲ್ಕು ಕಿಲೋ ಗುಡ್ಡ.
ಸುಣ್ಣದ ನೀರಲ್ಲಿ ಬೆಂದ ಕಾಳಿನ ಜೊತೆಗೆ
ಒಂದೊಂದು ಮುಂಜಾವಿಗೆ ಒಂದೊಂದಿಷ್ಟು,
ಚಿಟಿಕೆಗೂ ಸಿಗದಷ್ಟು.
ಬಸ್ಸು ಓಡಿಸುವ ಮಾವನೊಳಗೆ ಹೋಗಿದೆ,
ಏಳು ತಿಂಗಳಿಗೇ ಹುಟ್ಟಿ ಬದುಕಿದ ಚಿಕ್ಕಮ್ಮನೊಳಗೆ,
ಹಬ್ಬಕ್ಕೆ ಬಂದು ಮೂರು ದಿನ ಉಂಡ ಬ್ಯಾಂಡಿನವರೊಳಗೆ,
ರೊಟ್ಟಿ ಕದ್ದು ಪೆಟ್ಟು ತಿಂದ ನಾಯಿಯೊಳಗೂ.
ತೂಗಿದವನು ಕೇಳಿದ: 'ಇದನ್ನೂ ಮಾರ್ತೀರಾ?'

ಕಲ್ಲಿನ ಕುಳಿ ನಡುವಿನಲ್ಲಿಲ್ಲ.
ನತಿವಿದಾದ್ ಎಡಚಿ.
ಇಪ್ಪತ್ತು ವರ್ಷ ಅವಳ ಭಾರ ಬಿದ್ದದ್ದು ಅತ್ತ ಕಡೆಗೇ.
ಹದಿನಾರಕ್ಕೆ ಸೊಸೆಯಾಗಿ ಬಂದು
ಅಜ್ಜಿ ಮೊದಲ ಸಲ ಮಂಡಿಯೂರಿದಾಗ
ಹಿಟ್ಟೆಲ್ಲ ಎಡಕ್ಕೆ ಓಡಿತಂತೆ.
'ನಾನು ಬಲಗೈಯವಳು. ಒತ್ತಿ ಒತ್ತಿ ಸಮ ಮಾಡ್ತೀನಿ ಅಂದ್ಕೊಂಡೆ.
ಗಿರಣಿ ಬರೋವರೆಗೂ ಒತ್ತಿದೆ.'
ಮುಂದಕ್ಕೆ ಹೇಳಲಿಲ್ಲ. ಬೆಂಕಿ ಕೆದಕಿದಳು.

ನಿನ್ನೆ ಅವಳಿಗೆ ಸ್ನಾನ ಮಾಡಿಸುವಾಗ ಕಂಡೆ:
ಎಡ ಭುಜ ಎರಡು ಬೆರಳಷ್ಟು ಕೆಳಗಿದೆ.
ಚೊಂಬಿನಿಂದ ನೇರ ಹುಯ್ದ ನೀರು
ಬೆನ್ನ ಮೇಲೆ ನೇರ ಇಳಿಯದೆ
ಓರೆಯಾಗಿ ಹರಿಯುತ್ತದೆ,
ನಾನು ನೋಡಿಯೇ ಇಲ್ಲದ ಒಬ್ಬಳ ಕಡೆಗೆ.

ಒರಟು ನಾರು ಕೈಗೆತ್ತಿಕೊಂಡೆ.
'ಮೆಲ್ಲಗೆ ಉಜ್ಜು' ಅಂದಳು.