ಎಡಗಡೆಯ ಬ್ರೇಕು

ಬೋರಲಿಂಗಣ್ಣನ ಕಾರಿಗೆ ಎರಡು ಬ್ರೇಕು.
ಒಂದು ನನ್ನ ಕಾಲಡಿ, ಇನ್ನೊಂದು ಅವನ ಕಾಲಡಿ.
ಮೂವತ್ತು ವರ್ಷ ಸರ್ಕಾರಿ ಬಸ್ಸು ನಡೆಸಿದ ಪಾದ ಅದು;
ಚಪ್ಪಲಿ ಬಿಟ್ಟು, ಇಲಿಬಿಲದ ಮುಂದಿನ ಬೆಕ್ಕಿನ ಹಾಗೆ
ಸುಮ್ಮನೆ ಕೂತಿರುತ್ತದೆ.

ನನಗೆ ನಲವತ್ತೊಂಬತ್ತು. ಗುತ್ತಲು ರಸ್ತೆಯಲ್ಲಿ ಹಿಟ್ಟಿನ ಗಿರಣಿ.
ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆ ಬಿಚ್ಚಿಟ್ಟು
ಇಪ್ಪತ್ತು ವರ್ಷ ಬೆಲ್ಟಿನ ಪಕ್ಕ ನಿಂತವಳು.
ಕಲ್ಲು ಕಾದರೆ ನನ್ನ ಮೂಗಿಗೆ ಮೊದಲು ಗೊತ್ತು.
ಆದರೂ ಸ್ಟೇರಿಂಗ್ ಹಿಡಿದ ದಿನ
ಜರಡಿ ಹಿಡಿದಂತೆ ಕೈ ನಡುಗಿತು.

"ಗಿರಣಿಲಿ ಹೆಂಗಿರ್ತೀಯೋ ಹಂಗೇ ಇರವ್ವ," ಅಂದ.
"ಬೆಲ್ಟಿಗೆ ನಿನ್ ಮ್ಯಾಲೆ ದ್ವೇಸ ಇಲ್ಲ, ಕನಿಕರಾನೂ ಇಲ್ಲ.
ರೋಡೂ ಅಂಗೇಯ."

ಮೊದಲ ವಾರ ಕಲಿಸಿದ್ದು ಓಡಿಸುವುದನ್ನಲ್ಲ, ನೋಡುವುದನ್ನು.
ನಿಂತ ಕಾರು ಕಂಡರೆ ಬಾಗಿಲು ತೆರೆದೀತು ಅನ್ನಬೇಕು.
ನಿಂತ ಬಸ್ಸಿನ ಮೂತಿಯಾಚೆಯಿಂದ
ಚೀಲ ಹಿಡಿದ ಒಬ್ಬ ಅಜ್ಜಿ ಹೊರಟೇ ಇದ್ದಾಳೆ ಅನ್ನಬೇಕು.
ಹುರುಳಿ ಹರಡಿದ ರಸ್ತೆಯಲ್ಲಿ ಬ್ರೇಕನ್ನು ನಂಬಬಾರದು,
ಒಕ್ಕಣೆಗೆ ಮೊದಲೇ ವೇಗ ಇಳಿದಿರಬೇಕು.
ಮತ್ತೆ ಕಬ್ಬಿನ ಟ್ರ್ಯಾಕ್ಟರು:
ಹಿಂದೆ ದೀಪವಿಲ್ಲ, ಎರಡೆರಡು ಟ್ರೈಲರು, ಸೋಗೆ ನೆಲಕ್ಕೆ ಉಜ್ಜುತ್ತ.
"ಅದ್ರ ಹಿಂದೆ ಒಂದು ಐದ ಅದೆ ಅಂತ್ಲೇ ಲೆಕ್ಕ.
ಕಾಣ್ಲಿ, ಕಾಣ್ದೇ ಇರ್ಲಿ."

ನಾನು ನಕ್ಕೆ. ಆ ಹೈದ ನಾನೇ ಆಗಿದ್ದೆ ಒಂದು ಕಾಲಕ್ಕೆ;
ಲಂಗ ಎತ್ತಿ ಕಟ್ಟಿ, ಓಡುವ ಗಾಡಿಯಿಂದ ಜಲ್ಲೆ ಸೆಳೆದು,
ಹಿಂದೆ ಏನು ಬರುತ್ತಿದೆ ಅಂತ
ಒಂದು ಸಲವೂ ತಿರುಗಿ ನೋಡದೆ.
ಯಾರೋ ನನಗಾಗಿ ನಿಧಾನ ಮಾಡಿರಬೇಕು.
ಮುಖ ನೋಡಲಿಲ್ಲ.

ಹಳದಿ ದೀಪಕ್ಕೆ ಎಲ್ಲರೂ ನುಗ್ಗುತ್ತಾರಲ್ಲಣ್ಣ, ಅಂದೆ.
"ಹೊಸಿಲಿಗೆ ಅರಿಶಿನ ಬಳೀತೀಯಲ್ಲ, ತುಳೀತೀಯಾ?"
ಅಷ್ಟೇ. ಆಮೇಲೆ ಟೀ ಕುಡಿದೆವು.

ಲೈಸೆನ್ಸು ಬಂತು. ಹಳೆಯ ಓಮ್ನಿಯೊಂದು ಬಂತು.
ಕಾರ್ತಿಕದ ಒಂದು ಸಂಜೆ, ಸಂಜಯ ಸರ್ಕಲ್ಲಿನಲ್ಲಿ
ನಿನ್ನೆಯ ರಂಗೋಲಿಯಷ್ಟು ಮಾಸಿದ ಬಿಳಿ ಗೆರೆಯ ಹಿಂದೆ
ಒಬ್ಬಳೇ ನಿಂತಿದ್ದೆ.
ಕೆಂಪಿನ ಅಂಕಿ ಮೂರು, ಎರಡು, ಒಂದು.
ಹಸಿರು.
ಹಸಿರು ಬರುವುದಕ್ಕೂ ಮೊದಲೇ ಹಿಂದಿನವನ ಹಾರನ್ನು.
ಎಡಕ್ಕೆ ನೋಡಿದೆ. ಬಲಕ್ಕೆ ನೋಡಿದೆ.
ಹಾರನ್ನು ಬೈಗುಳವಾಯಿತು, ಬೈಗುಳದಲ್ಲಿ ನನ್ನ ವಯಸ್ಸೂ ಬಂತು.
ಕ್ಲಚ್ಚಿನ ಮೇಲೆ ಕಾಲು ಅಳುಕಿತು,
ಬಿಡಲೇ ಅಂದಿತು,
ಬಿಡಲಿಲ್ಲ.

ಆಗ ಬಲದಿಂದ ಬಂದ,
ಹುಲ್ಲಿನ ಹೊರೆಯಲ್ಲಿ ತಾನೇ ಮುಚ್ಚಿಹೋದ ಒಂದು ಟಿವಿಎಸ್ಸು,
ತನ್ನ ಕೆಂಪನ್ನು ಕಾಣದೆ, ನನ್ನ ಹಸಿರನ್ನು ಕಾಣದೆ,
ಮನೆಯ ಎಮ್ಮೆಯನ್ನಷ್ಟೇ ಕಾಣುತ್ತ
ನನ್ನ ಬಂಪರಿನಿಂದ ಎರಡು ಮೊಳ ದೂರದಲ್ಲಿ
ಹಾದುಹೋದ.
ಎರಡು ಎಳೆ ಹುಲ್ಲು ಗಾಜಿನ ಮೇಲೆ ಬಿತ್ತು.

ಹಾರನ್ನು ನಿಂತಿತ್ತು.
ನಾನು ಗೇರು ಹಾಕಿ ಹೊರಟೆ.

ಏನೂ ಆಗಲಿಲ್ಲ. ಮನೆಯಲ್ಲಿ ಹೇಳಲೂ ಏನಿಲ್ಲ.
"ಯಾಕೆ ತಡ?" ಅಂದರು, "ಸಿಗ್ನಲ್ಲು" ಅಂದೆ.

ಎಡಗಡೆ ಸೀಟಿನಲ್ಲಿ ಇದ್ದದ್ದು
ಹೋಟೆಲಿನವರ ರಾಗಿಹಿಟ್ಟಿನ ಮೂಟೆ.
ಅದಕ್ಕೂ ಬೆಲ್ಟು ಹಾಕಿದ್ದೆ.