ಎರಡು ಸೀಟಿ

ಟೆಂಟಿನ ಮೊಳೆ ಇಳಿಯಲಿಲ್ಲ.
ದುರ್ಗದ ಕಲ್ಲು, ಸುತ್ತಿಗೆಯನ್ನೇ ವಾಪಸ್ ಕಳಿಸಿತು.
ಇಪ್ಪತ್ತು ವರ್ಷ ಹೈಸ್ಕೂಲು ಮೈದಾನದಲ್ಲಿ
ಖೋಖೋ ಕಂಬ ನೆಟ್ಟ ಹನುಮಕ್ಕ ಟೀಚರು
"ಭೂಮಿಗೆ ಮನಸ್ಸಿಲ್ಲ ಕಣ್ರೇ" ಅಂದು
ಹಗ್ಗವನ್ನು ನಾಲ್ಕು ಗುಂಡಿಗೆ ಬಿಗಿದಳು.
ದಾವಣಗೆರೆಯಿಂದ ಬಾಡಿಗೆಗೆ ತಂದ ನೀಲಿ ಗುಡಾರ
ಕುಂಟ ಮೇಕೆಯ ಹಾಗೆ ಒಂದು ಮಗ್ಗುಲಿಗೆ ವಾಲಿ ನಿಂತಿತು.

ಗುಡ್ಡದ ಹೆಸರು ಕರೇಕಲ್ಲು.
ಹೊಳಲ್ಕೆರೆ ರೂಟಿನ ಬಸ್ಸಿನಿಂದ ಮಾರಕ್ಕ
ದಿನಕ್ಕೆ ಆರು ಸಲ ಇದನ್ನು ನೋಡುತ್ತಾಳೆ,
ಚಿಲ್ಲರೆ ಎಣಿಸುತ್ತ,
ಬಲಗಿಟಕಿಯಲ್ಲಿ ಮೂರು ಸಲ, ಎಡಗಿಟಕಿಯಲ್ಲಿ ಮೂರು ಸಲ.
ಹನ್ನೊಂದು ವರ್ಷ ಆಯಿತು.
"ಒಂದ್ಸಲ ಅಲ್ಲಿಂದ ನಮ್ ಬಸ್ಸು ನೋಡ್ಬೇಕು ಕಣಮ್ಮಿ"
ಅಂದಳು, ಯುಗಾದಿಯಲ್ಲಿ.
ನಾಲ್ವರಿಗೂ ಒಟ್ಟಿಗೆ ರಜೆ ಸಿಕ್ಕುವಷ್ಟರಲ್ಲಿ
ದೀಪಾವಳಿ ಮುಗಿದು ಬಾದೆಹುಲ್ಲು ಹಳದಿಯಾಗಿತ್ತು.

ಆ ಹುಲ್ಲಿಗೆ ಹೆದರಿ ಬೆಂಕಿ ಹಾಕಲಿಲ್ಲ.
ಫ್ಲಾಸ್ಕಿನ ಚಹಾ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ,
ದಾರಿಯಲ್ಲಿ ಕಿತ್ತ ಸೀತಾಫಲ.
ಬೀಜ ಯಾರು ದೂರ ಉಗುಳುತ್ತಾರೆ ಅಂತ ಪಂದ್ಯ.
ಗೆದ್ದವಳು ಶಾಕಿರಾ, ಜಿಲ್ಲಾಸ್ಪತ್ರೆಯ ಸ್ಟಾಫ್ ನರ್ಸು,
ಹಗಲು ಬಾಯಿಬಿಟ್ಟು ನಗದವಳು.
ಸೀರೆಯಂಚಿನ ಉತ್ರಾಣಿ ಮುಳ್ಳು ಬಿಡಿಸುತ್ತ
ನಾವು ಊರಿನ ದೀಪಗಳಲ್ಲಿ ನಮ್ಮ ನಮ್ಮ ಮನೆ ಹುಡುಕಿದೆವು.
ಹನುಮಕ್ಕನಿಗೆ ಸಿಕ್ಕಿತು. ಶಾಕಿರಾಗೆ ಆಸ್ಪತ್ರೆ ಸಿಕ್ಕಿತು, ಮನೆ ಇಲ್ಲ.
ನಾನು ಸಿಕ್ಕಿತೆಂದು ಸುಳ್ಳು ಹೇಳಿದೆ.

ಗುಡಾರದೊಳಗೆ ಸೆಖೆ. ಬಂಡೆಯ ಮೇಲೆ ಜಮಖಾನ ಹಾಸಿದೆವು.
ಹಗಲು ಕುಡಿದ ಬಿಸಿಲನ್ನು ಕಲ್ಲು
ಸ್ವಲ್ಪಸ್ವಲ್ಪವೇ ಬೆನ್ನಿಗೆ ಹಿಂದಿರುಗಿಸುತ್ತಿತ್ತು,
ಒಲೆ ಆರಿಸಿದ ಮೇಲಿನ ಹೆಂಚಿನಂತೆ.
ನಾನು ಪತ್ರ ಬರೆಯುವವಳು, ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು,
ಬೇರೆಯವರ ಸೈಟು, ಹೊಲ, ಕಣ, ಬಾವಿಯ ಪಾಲು.
ನಿದ್ದೆ ಬಾರದೆ ಮನಸ್ಸಿನಲ್ಲೇ ಬರೆದೆ:
ಸದರಿ ಜಮಖಾನಕ್ಕೆ ಚಕ್ಕುಬಂದಿ,
ಪೂರ್ವಕ್ಕೆ ಗಾಳಿಯಂತ್ರಗಳ ಕೆಂಪು ದೀಪ, ಎಣಿಸಿದರೆ ಹದಿನೇಳು,
ಪಶ್ಚಿಮಕ್ಕೆ ಹನುಮಕ್ಕನ ಗೊರಕೆ,
ಉತ್ತರಕ್ಕೆ ದುರ್ಗ,
ದಕ್ಷಿಣಕ್ಕೆ

ಅಲ್ಲಿಂದಲೇ ಬಂತು.
ಮೊದಲು ಉಸಿರು. ಆಮೇಲೆ ಸೀತಾಫಲದ ಸಿಪ್ಪೆ ಎಳೆದ ಸದ್ದು.
ಆಮೇಲೆ ಕತ್ತಲಿಗಿಂತ ಒಂದು ಕೈ ಹೆಚ್ಚು ಕಪ್ಪಗಿನ ಏನೋ.
ರಾತ್ರಿ ಪಾಳಿಯ ರೂಢಿಗೆ ಎರಡು ಗಂಟೆಗೆ ಎದ್ದು
ನಮ್ಮೆಲ್ಲರ ಹಣೆ ಮುಟ್ಟಿ ನೋಡುತ್ತಿದ್ದ ಶಾಕಿರಾ
ನನ್ನ ಹಣೆಯ ಮೇಲೇ ಕೈ ಮರೆತಳು.
"ಕರಡಿ" ಅಂತ ಯಾರೂ ಅನ್ನಲಿಲ್ಲ.
ಅಂದಿದ್ದರೆ ಅದು ನಿಜವಾಗಿಬಿಡುತ್ತಿತ್ತು.

ಮಾರಕ್ಕ ಎದ್ದಳೋ, ನಿದ್ದೆಯಲ್ಲೇ ಇದ್ದಳೋ,
ಕೊರಳಿನ ದಾರಕ್ಕೆ ಕೈ ಹೋಯಿತು.
ಒಂದು ಸೀಟಿ.
ಅದು ನಿಂತಿತು.
ಆಣೆಗೂ ನಿಂತಿತು,
ಸ್ಟಾಪಿಲ್ಲದ ಕಡೆ ಬ್ರೇಕು ಒತ್ತಿದ ಹಾಗೆ, ಮುಂಗಾಲೊಂದು ಗಾಳಿಯಲ್ಲಿ.
ಎಷ್ಟು ಹೊತ್ತೋ. ಗಾಳಿಯಂತ್ರ ಮೂರು ಸುತ್ತು ಸುತ್ತಿತು.
ಎರಡು ಸೀಟಿ.
ಪೊದೆ ಅಲುಗಿತು, ಕಲ್ಲೊಂದು ಉರುಳಿತು,
ಉರುಳುತ್ತ ಬಹಳ ದೂರ ಹೋಯಿತು.
"ರೈಟ್" ಅಂದಳು ಮಾರಕ್ಕ,
ಮಗ್ಗುಲು ಬದಲಿಸಿ ಮಲಗಿದಳು.

ಆಮೇಲೆ ನಾವು ನಕ್ಕ ನಗು ಎಂಥದ್ದು ಅಂದರೆ
ಹನುಮಕ್ಕ ಎದ್ದು "ಏನಾಯ್ತೆ" ಅಂದಳು.
ಏನೂ ಇಲ್ಲ ಅಂದೆವು. ಇವತ್ತಿಗೂ ಹೇಳಿಲ್ಲ.

ಬೆಳಿಗ್ಗೆ ಆರೂ ಇಪ್ಪತ್ತಕ್ಕೆ, ಕೆಳಗೆ,
ಬೆಂಕಿಪೊಟ್ಟಣದಷ್ಟು ಕೆಂಪು ಬಸ್ಸು.
ಮಾರಕ್ಕ ಬಂಡೆಯಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು.
"ಇಷ್ಟೇನಾ" ಅಂದಳು.
ಸ್ವಲ್ಪ ಹೊತ್ತು ಬಿಟ್ಟು, "ಇಷ್ಟು ಚಿಕ್ಕದ್ರಲ್ಲಿ
ಎಪ್ಪತ್ತು ಜನ ತುಂಬ್ತೀನಲ್ಲೆ ನಾನು."
ಆಲದ ಮರದ ಸ್ಟಾಪಿನಲ್ಲಿ ಬಸ್ಸು ನಿಂತಿತು.
ಇವಳ ಬದಲಿಗೆ ಬಂದ ಹೊಸ ಹುಡುಗ
ಒಳಗೆಲ್ಲೋ ಚಿಲ್ಲರೆಗೆ ಜಗಳವಾಡುತ್ತಿರಬೇಕು, ಹೊರಡಿಸಲೊಲ್ಲ.
ಇವಳಿಗೆ ತಡೆಯಲಾಗಲಿಲ್ಲ,
ಸೀಟಿ ಬಾಯಿಗಿಟ್ಟಳು.
ಬಸ್ಸು ಹೊರಟಿತು.

ಟೆಂಟು ಮತ್ತೆ ಚೀಲಕ್ಕೆ ಹೋಗಲಿಲ್ಲ.
ಎಷ್ಟು ಮಡಚಿದರೂ ಒಂದು ಮೊಳ ಉಳಿಯಿತು.
ಅರ್ಧ ಒಳಗೆ ಅರ್ಧ ಹೊರಗೆ,
ಹಾಗೇ ಹೊತ್ತುಕೊಂಡು ಇಳಿದೆವು.