ಇಡವೇಳ

ಉಪ್ಪಳ ಗೇಟಿನ ಹತ್ತಿರ, ಹಿಟ್ಟಿನ ಮಿಲ್ಲಿನ ಮಾಳಿಗೆಯಲ್ಲಿ
ಮಕ್ಕಳನ್ನು ನೋಡಿಕೊಳ್ಳುವ ಕೆಲಸ ನನಗೆ.
ಆರೂವರೆಗೆ ಬೀಗ ತೆಗೆಯಬೇಕು.
ಏಳರ ಪ್ಯಾಸೆಂಜರಿಗೆ ಮಂಗಳೂರಿಗೆ ಓಡುವ ತಾಯಂದಿರು
ಮೆಟ್ಟಿಲಲ್ಲೇ ಮಗುವನ್ನು ದಾಟಿಸುತ್ತಾರೆ:
ನಿದ್ದೆ ಮುಗಿಯದ ಬಿಸಿ ಮೈ,
ದೋಸೆಯ ಡಬ್ಬಿ, ಒಂದೇ ಕಾಲಿನ ಸಾಕ್ಸು.

ಹತ್ತಕ್ಕೆ ಅವರನ್ನು ಅಂಗನವಾಡಿಗೆ, ಎಲ್ಕೆಜಿಗೆ ಬಿಟ್ಟು ಬಂದು
ಪುಸ್ತಕದಲ್ಲಿ ಸಹಿ: ಹೊರಗೆ.
ಮೂರೂವರೆಗೆ ಮತ್ತೊಂದು: ಒಳಗೆ.
ಆಮೇಲೆ ರಾತ್ರಿ ಎಂಟರವರೆಗೆ,
ಇಲ್ಲವೇ ರೈಲು ಬರುವವರೆಗೆ.
ರೈಲು ತಡವಾದರೆ ಅದು ರೈಲ್ವೆಯ ತಪ್ಪಂತೆ,
ಸಂಬಳದ್ದಲ್ಲ.

ಎರಡು ಸಹಿಗಳ ನಡುವೆ ಒಂದು ಖಾಲಿ ಚೌಕ.

ಪೈವಳಿಕೆಗೆ ಹೋಗಲು ಇಪ್ಪತ್ತೆರಡು, ಬರಲು ಇಪ್ಪತ್ತೆರಡು.
ಗಂಜಿಗೆ ನೀರಿಟ್ಟು ತಿರುಗುವಷ್ಟರಲ್ಲಿ ವಾಪಸು ಬಸ್ಸು.
ಎರಡು ದಿನ ಹೋದೆ.
ಮೂರನೆಯ ದಿನದಿಂದ ಸ್ಟೇಷನ್ನಿನ ಕಲ್ಲು ಬೆಂಚು.
ಟಿಕೆಟಿಲ್ಲದೆ ಕೂತವಳನ್ನು
ಹೂಳಿ ಮೀನಿನ ಬುಟ್ಟಿಯ ಹೆಂಗಸರು ಮೊದಲು ನೋಡಿದರು,
ಆಮೇಲೆ ಸ್ವಲ್ಪ ಸರಿದು ಕೂತರು.

ಪೈಗಳ ಹತ್ತಿರ ಕೇಳಿದೆ:
ಆ ಐದೂವರೆ ಗಂಟೆಗೆ ಎಂತಾದರೂ ಉಂಟಾ?
ಎಲ್ಲ ಬೇಡ, ಅರ್ಧ? ಬಸ್ಸಿನ ಖರ್ಚಾದರೂ?
"ಸುಮ್ಮನೆ ಕೂತದ್ದಕ್ಕೆ ಯಾರಾದರೂ ಸಂಬಳ ಕೊಡ್ತಾರಾ ವಾರಿಜಾ?"
ಎಂದರು ಪೈಗಳು,
ಕೂತಲ್ಲಿಂದಲೇ.

ಗೋಡೆಗೆ ಅಂಟಿಸಿದ ನಿಯಮದ ಕಾಗದ ಮಲಯಾಳದಲ್ಲಿ.
ನಾನು ಹತ್ತರವರೆಗೆ ಕನ್ನಡ ಮೀಡಿಯಂ.
ನಿಯಾಲನ ತಾಯಿ ಮಿಸ್ರಿಯಾ
ರೈಲಿನ ಗಡಿಬಿಡಿಯಲ್ಲಿ ಒಂದೇ ಸಾಲು ಓದಿ ಹೇಳಿದಳು:
ಇಡವೇಳಕ್ಕೆ ಕೂಲಿ ಇಲ್ಲ.

ನನ್ನ ಕಿವಿಗೆ ಅದು ಇಡೀ ವೇಳೆ ಎಂದು ಕೇಳಿಸಿತು.
ಇಡೀ ವೇಳೆಗೆ ಕೂಲಿ ಇಲ್ಲವಾ?
ಅವಳು ನಕ್ಕಳು. ಅಲ್ಲ ಅಕ್ಕಾ, ನಡುವಿನ ಬಿಡುವು.
ನಗುತ್ತಲೇ ಓಡಿದಳು. ಗೇಟು ಬೀಳುತ್ತಿತ್ತು.

ಬಿಡುವು. ಸರಿ.
ಆದರೆ ಫೋನು ಸ್ವಿಚ್ ಆಫ್ ಮಾಡುವ ಹಾಗಿಲ್ಲ,
ಕುಂಬಳೆ ದಾಟುವ ಹಾಗಿಲ್ಲ,
ಮದುವೆಗೆ ಹೋಗಿ ಊಟಕ್ಕೆ ನಿಲ್ಲುವ ಹಾಗಿಲ್ಲ.
ಹಗ್ಗ ಉದ್ದ ಬಿಟ್ಟ ಮಾತ್ರಕ್ಕೆ
ಗೂಟ ಕಿತ್ತ ಹಾಗಾಯಿತಾ?

ಕಳೆದ ಗುರುವಾರ ಹನ್ನೊಂದೂಕಾಲಿಗೆ ಅಂಗನವಾಡಿಯಿಂದ ಫೋನು.
ನಿಯಾಲ್ ವಾಂತಿ ಮಾಡಿದ್ದಾನೆ, ಬನ್ನಿ.
ಹೋದೆ. ಬೀಗದ ಕೈ ಪೈಗಳ ಮೇಜಿನೊಳಗೆ,
ಪೈಗಳು ಊಟಕ್ಕೆ.
ಮಿಲ್ಲಿನ ಮೆಟ್ಟಿಲಲ್ಲಿ ಅವನನ್ನು ತೊಡೆಯ ಮೇಲೆ ಹಾಕಿಕೊಂಡು
ಕೂತೆ. ಹೌದು, ಕೂತೇ ಇದ್ದೆ.
ಕೆಳಗೆ ಯಂತ್ರ ಯಾರದೋ ಮೆಣಸು ಪುಡಿ ಮಾಡುತ್ತಿತ್ತು,
ಇಬ್ಬರಿಗೂ ಸೀನು.
ಕಾಲು ಮರಗಟ್ಟಿತು. ಅವನು ಏಳದಿರಲಿ ಎಂದು
ಉಗುಳನ್ನೂ ಮೆಲ್ಲನೆ ನುಂಗಿದೆ.

ಮೂರೂವರೆಗೆ ಪುಸ್ತಕ ಬಂತು.
ಖಾಲಿ ಚೌಕದಲ್ಲಿ ಕನ್ನಡದಲ್ಲಿ ಬರೆದೆ:
ಇದ್ದೆ.

ಮರುದಿನ ಅದರ ಮೇಲೆ ವೈಟ್ನರ್.
ಒಣಗಿ, ಸ್ವಲ್ಪ ಉಬ್ಬಿ,
ಮಗುವಿನ ಮೊಣಕಾಲಿನ ಹೊಪ್ಪಳೆಯ ಹಾಗೆ.
ಕಣ್ಣು ಮುಚ್ಚಿ ಬೆರಳಾಡಿಸಿದರೂ ತಿಳಿಯುತ್ತದೆ
ಎಲ್ಲಿ ಬರೆದದ್ದೆಂದು.

ಕೆಳಗಿನ ಸಾಲಿನಲ್ಲಿ ಶುಕ್ರವಾರದ ಚೌಕ.
ಪೆನ್ನು ದಾರದಲ್ಲಿ ನೇತಾಡುತ್ತಿದೆ.
ಪೈಗಳು ಕನ್ನಡಕ ಒರೆಸುತ್ತಾ ನನ್ನನ್ನೇ ನೋಡುತ್ತಿದ್ದಾರೆ,
ಮೆಟ್ಟಿಲಲ್ಲಿ ಚಪ್ಪಲಿಗಳು ಬರುತ್ತಿವೆ,
ಎಡ ಬಲ ಅದಲುಬದಲಾಗಿ.